ಪೊಲೀಸ್ ಮುಂದೆ ಒಪ್ಪಿಕೊಂಡಿದ್ದು ಕೋರ್ಟಲ್ಲಿ ನಡೆಯಲ್ಲ ಅಂದ್ರೆ ಶ್ರದ್ಧಾನಂದ ಹೇಗೆ ಸಿಕ್ಕಿಬಿದ್ದ?

ಬನಶಂಕರಿ_ಬಾಯ್:
ರಿಚ್‌ಮಂಡ್ ರೋಡ್ ಶಾಕಿರಾ ಖಲೀಲಿ ಕೇಸ್ ಬಗ್ಗೆ ಓದ್ತಿದ್ದೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಮೊಮ್ಮಗಳು, 1991ರಲ್ಲಿ ಕಾಣೆ, ಹೆಣ ಸಿಕ್ಕಿದ್ದು 1994ರಲ್ಲಿ, ಅದೂ ಮನೆ ಅಂಗಳದಲ್ಲೇ. ಕೊಲೆ ಕಣ್ಣಾರೆ ನೋಡಿದವರು ಒಬ್ರೂ ಇಲ್ಲ, ಪೊಲೀಸರ ಹತ್ರ ಹೇಳಿದ್ದು ಸಾಕ್ಷಿ ಅಲ್ಲ ಅಂತಾರೆ, ಮತ್ತೆ ಗಂಡ ಶ್ರದ್ಧಾನಂದನಿಗೆ ಶಿಕ್ಷೆ ಆಗಿದ್ದು ಯಾವ ಆಧಾರದ ಮೇಲೆ? ಲಾ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕರಿಕೋಟು:
ಅಲ್ಲೇ ಇರೋದು ವಿಷ್ಯ. "ನಾನೇ ಕೊಂದೆ" ಅಂದಿದ್ದು ನಡೆಯಲ್ಲ, ಆದ್ರೆ "ಇಲ್ಲಿ ಹೂತಿದೀನಿ" ಅಂತ ತೋರಿಸಿ ಅಲ್ಲೇ ಅಸ್ಥಿಪಂಜರ ಸಿಕ್ರೆ ಅಷ್ಟು ಭಾಗ ನಡೆಯುತ್ತೆ. ಹಳೇ ಎವಿಡೆನ್ಸ್ ಆಕ್ಟ್ ಸೆಕ್ಷನ್ 27 ಅದು. ಅಗೆದಿದ್ದನ್ನ ಪೂರ್ತಿ ವಿಡಿಯೋ ಮಾಡಿಸಿದ್ರು, ಆ ಕಾಲಕ್ಕೆ ಅದು ದೊಡ್ಡ ವಿಷ್ಯ, ಆಮೇಲೆ ಡಿಎನ್‌ಎ ಟೆಸ್ಟು, ತಲೆಬುರುಡೆ ಫೋಟೋ ಹೋಲಿಕೆ. ಹೆಣ ಇಟ್ಟಿದ್ದ ಮರದ ಪೆಟ್ಟಿಗೆ ಮಾಡಿಕೊಟ್ಟವರು, ಗುಂಡಿ ತೋಡಿದ ಕೂಲಿಯವರು ಎಲ್ಲಾ ಬಂದು ಸಾಕ್ಷಿ ಹೇಳಿದ್ರು ನೋಡಿ, ಅಲ್ಲಿಗೆ ಇವನ ಬಾಯಿ ಕಟ್ಟೋಯ್ತು.

ಶಾಂತಲಾ_ಮೈಸೂರು:
ನಂಗೆ ಹೊಟ್ಟೆ ಉರಿಯೋದು ಮಗಳ ವಿಷ್ಯಕ್ಕೆ. ಅಮ್ಮ ಎಲ್ಲಿ ಅಂತ ಕೇಳಿದಾಗೆಲ್ಲಾ ಒಂದೊಂದು ಕಥೆ, ಒಂದ್ಸಲ ಅಮೆರಿಕದ ಆಸ್ಪತ್ರೆಲಿದಾಳೆ ಅಂದ, ಆ ಹುಡುಗಿ ವಿಚಾರಿಸಿದ್ರೆ ಅಲ್ಲಿ ಅಡ್ಮಿಟ್ಟೇ ಆಗಿಲ್ಲ. ಕೊನೆಗೆ ಮುಂಬೈ ಹೋಟೆಲ್ ರೂಮಲ್ಲಿ ಅವನ ಹತ್ರಾನೇ ಅಮ್ಮನ ಪಾಸ್‌ಪೋರ್ಟ್ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲೇ ಬಿಟ್ಟು ಫಾರಿನ್‌ಗೆ ಹೋಗೋಕಾಗುತ್ತಾ? 1992ರಲ್ಲೇ ಕಂಪ್ಲೇಂಟ್ ಕೊಟ್ಲು. ಸಿಸಿಬಿ (ಬೆಂಗಳೂರು ಪೊಲೀಸರ ಅಪರಾಧ ತನಿಖಾ ವಿಭಾಗ) ಕೈಗೆ ಹೋಗೋ ತನಕ ಏನೂ ಅಲ್ಲಾಡ್ಲಿಲ್ಲ. ಅಷ್ಟರಲ್ಲಿ ಹೆಂಡ್ತಿ ಕೊಟ್ಟಿದ್ದ ಪವರ್ ಆಫ್ ಅಟಾರ್ನಿ ಇಟ್ಕೊಂಡು ಇವನು ಆಸ್ತಿ ಮಾರ್ತಾ ಕೂತಿದ್ದ.

ಕರಿಕೋಟು:
ಹೌದು ಮೇಡಂ, ಆ ಸುಳ್ಳುಗಳೂ ಅವನಿಗೇ ತಿರುಗುಬಾಣ ಆದ್ವು. ಒಂದೇ ಮನೇಲಿದ್ದ ಗಂಡ, ಹೆಂಡ್ತಿ ಏನಾದ್ಲು ಅಂತ ಅವನೇ ಹೇಳ್ಬೇಕು. ಹಾಗಂತ ಗಂಡ ಸುಮ್ನಿದ್ದ ಅಂತ ನೇರ ಶಿಕ್ಷೆ ಕೊಡೋಕಾಗಲ್ಲ, ಮೊದ್ಲು ಪ್ರಾಸಿಕ್ಯೂಷನ್ ಉಳಿದ ಕೊಂಡಿ ಜೋಡಿಸ್ಬೇಕು.

ಬನಶಂಕರಿ_ಬಾಯ್:
ಥ್ಯಾಂಕ್ಸ್ ಸರ್. ಗಲ್ಲು ಆಯ್ತಲ್ವಾ?

ಕರಿಕೋಟು:
ಇಲ್ಲ. ಹೈಕೋರ್ಟ್ 2005ರಲ್ಲಿ ಗಲ್ಲು ಖಾಯಂ ಮಾಡ್ತು, ಸುಪ್ರೀಂ ಕೋರ್ಟಲ್ಲಿ ಇಬ್ರು ಜಡ್ಜ್‌ಗಳಿಗೆ ಶಿಕ್ಷೆ ಬಗ್ಗೆ ಒಮ್ಮತ ಬರ್ಲಿಲ್ಲ. 2008ರಲ್ಲಿ ಮೂವರ ಬೆಂಚ್ ಜೀವಾವಧಿ ಕೊಡ್ತು, ಆದ್ರೆ ರಿಯಾಯ್ತಿ ಇಲ್ಲ, ಸಾಯೋ ತನಕ ಒಳಗೇ. ಆಮೇಲೆ ಎಷ್ಟೋ ಕೇಸಲ್ಲಿ ಇದೇ ತೀರ್ಪು ತೋರಿಸ್ತಾರೆ.