ಬಿಜೈ ಮನೆಯ ತೆರಿಗೆ ಮತ್ತು ನಮ್ಮ ಕುಟುಂಬದ ಗುಂಪು

2025ರ ಎಪ್ರಿಲ್, ಬಿಸು (ತುಳುವರ ಹೊಸ ವರ್ಷ) ಕಳೆದ ನಂತರದ ಭಾನುವಾರ. ಬೆಳಿಗ್ಗೆ 6:12ಕ್ಕೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿಜೈ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಕೆಂಪು ಅಕ್ಷರ, ಮೂರು ಸೈರನ್ ಚಿತ್ರ. "ಮಂಗಳೂರಿಗರೇ ಎಚ್ಚರ! ಮನೆ ತೆರಿಗೆ ಡಬಲ್! ಇವತ್ತು ಸುಮ್ಮನಿದ್ದರೆ ನಾಳೆ ಮನೆ ಮಾರಬೇಕು! 20 ಜನರಿಗೆ ಕಳುಹಿಸಿ." ಬೇರೆ ದಿನ ಆಗಿದ್ದರೆ ಕೆಳಗೆ ನಾಲ್ಕು ಕೈಮುಗಿದ ಚಿತ್ರ ಬಂದು ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆ ದಿನ ಮುಗಿಯಲಿಲ್ಲ. ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಹಳೆ ಮನೆ ಇನ್ನೂ ಪಾಲಾಗಿಲ್ಲ, ಇರುವುದು ದೊಡ್ಡಪ್ಪ, ಆದರೆ ತೆರಿಗೆ ನಾಲ್ಕು ಪಾಲು. ಹಾಗಾಗಿ ಎಲ್ಲರಿಗೂ ಮಾತಾಡುವ ಹಕ್ಕು ಉಂಟು. ಹೆಸರುಗಳನ್ನು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆಯೇ ಇಟ್ಟಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಕದ್ರಿ ಚಿಕ್ಕಮ್ಮ: ಭಾವ, ಇದು ಯಾರು ಬರೆದದ್ದು? ಹೆಸರೂ ಇಲ್ಲ, ತಾರೀಕೂ ಇಲ್ಲ.

ಬಿಜೈ ದೊಡ್ಡಪ್ಪ: ಯಾರು ಬರೆದರೆ ಎಂತ, ವಿಷಯ ಸರಿ ಉಂಟಲ್ಲ.

ಸುರತ್ಕಲ್ ಅತ್ತೆ: ಡಬಲ್ಲಾ?? ಅಯ್ಯೋ ದೇವರೇ.

ದುಬೈ ಭಾವ: ಇದಕ್ಕೇ ನಾನು ಹೇಳುವುದು, ಊರಲ್ಲಿ ಆಸ್ತಿ ಇಟ್ಟುಕೊಂಡು ಸುಖ ಇಲ್ಲ. ಇಲ್ಲಿ ಮನೆ ತೆರಿಗೆ ಅಂತ ಒಂದು ಇಲ್ಲವೇ ಇಲ್ಲ.

ದುಬೈ ಅಕ್ಕ: ಇಲ್ಲವಾ? ಕರೆಂಟು-ನೀರಿನ ಬಿಲ್ಲಿನಲ್ಲಿ ಪ್ರತಿ ತಿಂಗಳು ಹೌಸಿಂಗ್ ಫೀ ಅಂತ ಬರುತ್ತದಲ್ಲ, ವರ್ಷದ ಬಾಡಿಗೆಯ 5 ಪರ್ಸೆಂಟ್. ಅದನ್ನು ಕಟ್ಟುವುದು ಯಾರು, ಪಕ್ಕದ ಮನೆಯವರಾ?

(ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಬರೆದದ್ದು ಅಂತ ಆಮೇಲೆ ಗೊತ್ತಾಯಿತು.)

ನಾನು: ದೊಡ್ಡಪ್ಪ, ಡಬಲ್ ಅಲ್ಲ. 2021-22ರಿಂದ ನಿಯಮ ಬದಲಾಗಿದೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಉಂಟಲ್ಲ, ಜಾಗಕ್ಕೆ ಮನೆಗೆ ಸರಕಾರ ಕಟ್ಟಿದ ಬೆಲೆ, ಅದರ 25 ಪರ್ಸೆಂಟಿನ ಮೇಲೆ ತೆರಿಗೆ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 3ರಿಂದ 5 ಪರ್ಸೆಂಟ್ ಏರಿಸಬಹುದು.

ಬಿಜೈ ದೊಡ್ಡಪ್ಪ: ನೋಡಿದಿರಾ, ಇವನೇ ಒಪ್ಪಿದ. ವರ್ಷ ವರ್ಷ ಏರಿಸುತ್ತಾರೆ! ಮೊದಲು ಹೀಗೆ ಇರಲಿಲ್ಲ. ಮೂರು ವರ್ಷಕ್ಕೆ ಒಮ್ಮೆ ಇತ್ತು, ಅಷ್ಟೇ.

ಉಡುಪಿ ಅಕ್ಕ: ಮೂರು ವರ್ಷಕ್ಕೊಮ್ಮೆ ಎಷ್ಟು ಇತ್ತು ಅಂತ ಹೇಳಿ ದೊಡ್ಡಪ್ಪ. 15ರಿಂದ 30 ಪರ್ಸೆಂಟ್. ನಮ್ಮ ಉಡುಪಿ ನಗರಸಭೆಯಲ್ಲೂ ಹಾಗೆಯೇ ಇದ್ದದ್ದು.

ನಾನು: ಲೆಕ್ಕ ಹಾಕುವ. ತೆರಿಗೆ 8,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 5 ಏರಿದರೆ ಮೂರನೇ ವರ್ಷಕ್ಕೆ 9,261. ಹಳೆಯ ನಿಯಮದಲ್ಲಿ ಒಮ್ಮೆಲೇ 15 ಏರಿಸಿದ್ದರೆ 9,200. 30 ಏರಿಸಿದ್ದರೆ 10,400. ಹೊಸತರಲ್ಲಿ 3 ಮಾತ್ರ ಏರಿಸಿದರೆ ಹಳೆಯದಕ್ಕಿಂತ ಕಡಿಮೆಯೇ ಬರುತ್ತದೆ.

ಬಿಜೈ ದೊಡ್ಡಪ್ಪ: ಬ್ಯಾಂಕಿನಲ್ಲಿ 34 ವರ್ಷ ಇದ್ದವನಿಗೆ ಚಕ್ರಬಡ್ಡಿ ಕಲಿಸುತ್ತೀಯಾ? ಹತ್ತು ವರ್ಷಕ್ಕೆ ಹಾಕಿ ನೋಡು. 5ರ ಲೆಕ್ಕದಲ್ಲಿ 8,000 ಹೋಗಿ 13,000 ಆಗುತ್ತದೆ. ನನ್ನ ಪೆನ್ಶನ್ ಅಷ್ಟು ಏರುತ್ತದಾ?

ಇದು ಸರಿಯಾದ ಪ್ರಶ್ನೆಯೇ. ನಾನು ಉತ್ತರ ಹುಡುಕುತ್ತಿರುವಾಗ ಭಾವ ಪಂಪ್‌ವೆಲ್ ಫ್ಲೈಓವರಿನ ಫೋಟೋ ಹಾಕಿಬಿಟ್ಟರು. ಯಾವ ಚರ್ಚೆ ಆದರೂ ನಮ್ಮ ಗುಂಪಿನಲ್ಲಿ ಅದು ಬಂದೇ ಬರುತ್ತದೆ, ಮದುವೆ ಊಟದ ಚರ್ಚೆಯಲ್ಲೂ ಒಮ್ಮೆ ಬಂದಿತ್ತು.

ದುಬೈ ಭಾವ: ಕಟ್ಟಿದ ತೆರಿಗೆಗೆ ಎಂತ ಸಿಕ್ಕಿತು? ಈ ಒಂದು ಫ್ಲೈಓವರಿಗೆ ಹತ್ತು ವರ್ಷ.

ನಾನು: ಭಾವ, ಅದು ಹೆದ್ದಾರಿ ಪ್ರಾಧಿಕಾರದ್ದು. 2020ರ ಜನವರಿಯಲ್ಲಿ ತೆರೆದರು. ತಡ ಆದದ್ದು ಹೌದು, ಆದರೆ ಅದಕ್ಕೂ ನಮ್ಮ ಮನೆ ತೆರಿಗೆಗೂ ಸಂಬಂಧ ಇಲ್ಲ.

ದುಬೈ ಭಾವ: ಮಳೆ ಬಂದರೆ ಕೊಟ್ಟಾರ ಚೌಕಿಯಲ್ಲಿ ಬೋಟ್ ಬಿಡಬೇಕಲ್ಲ, ಅದಕ್ಕೂ ಸಂಬಂಧ ಇಲ್ಲವಾ?

ನಾನು: ಅದಕ್ಕೆ ಉಂಟು. ರಾಜಕಾಲುವೆ, ಚರಂಡಿ, ಬೀದಿದೀಪ, ಕಸ, ಇದೆಲ್ಲ ಪಾಲಿಕೆಯದ್ದೇ.

ಕದ್ರಿ ಚಿಕ್ಕಮ್ಮ: ಕಸ ಅಂದಾಗ ನೆನಪಾಯಿತು. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೆಂಗು ಕಂಗಿನ ತೋಟದ ಮೇಲೆ ಬಂದು ಬಿತ್ತಲ್ಲ, ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಕಸ ಮಂದಾರದವರದ್ದಲ್ಲ. ನಮ್ಮ ಫ್ಲಾಟಿನದ್ದು, ನಿಮ್ಮ ಬಿಜೈ ಮನೆಯದ್ದು. ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ ಅಂದರೆ ಎಷ್ಟು ಜನ ಕೊಡುತ್ತಾರೆ? ಜಾಸ್ತಿ ದುಡ್ಡು ಕೇಳಿದರೆ ಕೊಡುವ, ಆದರೆ ಎಲ್ಲಿ ಹೋಯಿತು ಅಂತ ಕೇಳುವುದಕ್ಕೆ ಒಬ್ಬರು ಬೇಕಲ್ಲ. ಫೆಬ್ರವರಿಗೆ ಪಾಲಿಕೆ ಸದಸ್ಯರ ಅವಧಿಯೇ ಮುಗಿದಿದೆ. 60 ವಾರ್ಡಿಗೆ ಈಗ ಒಬ್ಬ ಕಾರ್ಪೊರೇಟರ್ ಇಲ್ಲ. ನನಗೆ ಏರಿಕೆಗಿಂತ ಇದೇ ದೊಡ್ಡ ತಲೆನೋವು.

ಬಿಜೈ ದೊಡ್ಡಪ್ಪ: ಇದ್ದಾಗ ಎಂತ ಕಿಸಿದರು?

ಕದ್ರಿ ಚಿಕ್ಕಮ್ಮ: ಇದ್ದಾಗ ಬೈಯುವುದಕ್ಕಾದರೂ ಒಂದು ಮನೆ ಬಾಗಿಲು ಇತ್ತು ಭಾವ.

ಆಮೇಲೆ ಸುಮಾರು ಅರ್ಧ ಗಂಟೆ ಗ್ರಂಥಾಲಯದ ವಿಷಯ ನಡೆಯಿತು. ರಸೀದಿಯಲ್ಲಿ ತೆರಿಗೆಯ ಮೇಲೆ ಬೇರೆ ಬೇರೆ ಕರ ಇರುತ್ತದೆ: ಆರೋಗ್ಯ ಕರ 15 ಪರ್ಸೆಂಟ್, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಈ ಮೂರೇ ಕೂಡಿಸಿದರೆ 24. ಗ್ರಂಥಾಲಯ ಎಲ್ಲಿದೆ ಅಂತ ಭಾವ ಕೇಳಿದರು. ಬಾವುಟಗುಡ್ಡೆಯಲ್ಲಿದೆ, ನೀವು ಓದದಿದ್ದರೆ ಅದು ಮಾಯ ಆಗುವುದಿಲ್ಲ ಅಂತ ಚಿಕ್ಕಮ್ಮ ಹೇಳಿದರು. ಭಿಕ್ಷುಕರ ಕರ ಅಂದರೆ ಎಂತ ಅಂತ ಅತ್ತೆ ಕೇಳಿದರು, ಪಚ್ಚನಾಡಿಯ ನಿರಾಶ್ರಿತರ ಪರಿಹಾರ ಕೇಂದ್ರದಂಥದ್ದಕ್ಕೆ ಅಂತ ಹೇಳಿದೆ. ಇದನ್ನೆಲ್ಲ ಬಿಡುತ್ತೇನೆ. ಅತ್ತೆ ಅದರ ನಂತರ ಬರೆದದ್ದು ಮುಖ್ಯ.

ಸುರತ್ಕಲ್ ಅತ್ತೆ: ನನಗೆ ಪರ್ಸೆಂಟ್ ಎಲ್ಲ ಅರ್ಥ ಆಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ನಮ್ಮದು ಹಂಚಿನ ಮನೆ, ಸುತ್ತ 16 ಸೆಂಟ್ಸ್ ಜಾಗ, ಒಂದು ಬಾವಿ, ಏಳು ತೆಂಗಿನ ಮರ. ಮನೆ ಹಳೆಯದಾದರೆ ತೆರಿಗೆಯಲ್ಲಿ ಸವಕಳಿ ಅಂತ ಸ್ವಲ್ಪ ಕಡಿಮೆ ಮಾಡುತ್ತಾರೆ ಸರಿ. ಜಾಗ ಹಳೆಯದಾಗುವುದಿಲ್ಲವಲ್ಲ. ಅದರ ರೇಟು ಏರುತ್ತಲೇ ಇರುತ್ತದೆ. 2023ರ ಅಕ್ಟೋಬರದಲ್ಲಿ ಮಾರ್ಗಸೂಚಿ ದರ ಏರಿಸಿದಾಗ ಎಲ್ಲರೂ ನಿಮ್ಮ ಜಾಗಕ್ಕೆ ಬಂಗಾರದ ಬೆಲೆ ಬಂತು ಅಂದರು. ಮಾರುವವರಿಗೆ ಬಂತು. ನಾನು ಮಾರುವುದಿಲ್ಲ. ತೆಂಗಿನಕಾಯಿ ಕೀಳುವವನಿಗೆ ಮರಕ್ಕೆ ಇಷ್ಟು ಅಂತ ಕೊಟ್ಟ ಮೇಲೆ ನನಗೆ ಉಳಿಯುವುದು ಚಟ್ನಿಗೆ ಮಾತ್ರ. ಫ್ಲಾಟಿನಲ್ಲಿ ಎರಡು ಸಂಬಳ ಬರುವವರಿಗೂ ನನಗೂ ಒಂದೇ ಲೆಕ್ಕವಾ? ಆ ಖಾಲಿ ಜಾಗದಲ್ಲಿ ಬಿದ್ದ ಮಳೆ ನೀರು ನನ್ನ ಬಾವಿಗೆ ಇಳಿಯುತ್ತದೆ, ರಸ್ತೆಗೆ ಬರುವುದಿಲ್ಲ. ಇಂಟರ್‌ಲಾಕ್ ಹಾಕಿದವರ ನೀರು ಬರುತ್ತದೆ.

ಯಾರೂ ಉತ್ತರ ಕೊಡಲಿಲ್ಲ. ಎರಡು ಹೆಬ್ಬೆರಳು ಬಿದ್ದವು ಅಷ್ಟೇ. ಇಡೀ ದಿನದಲ್ಲಿ ಬಂದ ಗಟ್ಟಿಯಾದ ಮಾತು ಇದೊಂದೇ ಅಂತ ನನಗೆ ಈಗಲೂ ಅನಿಸುತ್ತದೆ. ಜಾಗದ ಬೆಲೆ ನೋಡಿ ತೆರಿಗೆ ಹಾಕಿದರೆ ಕೈಯಲ್ಲಿ ದುಡ್ಡು ಓಡಾಡದವರ ಮೇಲೂ ಭಾರ ಬೀಳುತ್ತದೆ, ನಮ್ಮ ಊರಲ್ಲಿ ಹಳೆ ಮನೆಗಳೆಲ್ಲ ಹಿತ್ತಿಲಿನ ನಡುವೆಯೇ ಇರುವುದರಿಂದ ಇಲ್ಲಿ ಅದು ಇನ್ನೂ ಜಾಸ್ತಿ. ಆದರೆ ಗುಂಪಿನಲ್ಲಿ ಗಟ್ಟಿ ಮಾತಿಗಿಂತ ಜಗಳದ ಮಾತು ಬೇಗ ಓಡುತ್ತದೆ. ದೊಡ್ಡಪ್ಪ ಅಷ್ಟರಲ್ಲಿ ಕಳೆದ ವರ್ಷದ ರಸೀದಿಯ ಫೋಟೋ ಹಾಕಿದರು, ಎಷ್ಟು ಕಟ್ಟಿದ್ದೇವೆ ಅಂತ ತೋರಿಸುವುದಕ್ಕೆ. ಹಾಕಬಾರದಿತ್ತು.

ಕದ್ರಿ ಚಿಕ್ಕಮ್ಮ: ಭಾವ, ಇದರಲ್ಲಿ ದಂಡ ಅಂತ 640 ಯಾಕೆ ಉಂಟು?

ಬಿಜೈ ದೊಡ್ಡಪ್ಪ: ಸ್ವಲ್ಪ ತಡ ಆಯಿತು.

ಉಡುಪಿ ಅಕ್ಕ: ಅಕ್ಟೋಬರ್ ಅಂತ ಉಂಟು ರಸೀದಿಯಲ್ಲಿ.

ನಾನು: ಎಪ್ರಿಲ್ 30ರೊಳಗೆ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ. ಮೇ, ಜೂನ್ ಸರಿಯಾದ ತೆರಿಗೆ. ಜುಲೈಯಿಂದ ತಿಂಗಳಿಗೆ 2 ಪರ್ಸೆಂಟ್ ದಂಡ. ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನಾಲ್ಕು ತಿಂಗಳು. 8,000ಕ್ಕೆ 640. ಸಿಗಬೇಕಿದ್ದ ರಿಯಾಯಿತಿ 400 ಸಹ ಹೋಯಿತು. ಒಟ್ಟು 1,040.

ಉಡುಪಿ ಅಕ್ಕ: ಈ ವರ್ಷ 5 ಏರಿಸಿದರೆ ಎಷ್ಟು ಜಾಸ್ತಿ?

ನಾನು: 400. ಅದರ ಮೇಲೆ ಆ ಮೂರು ಕರ 96. ಒಟ್ಟು 496.

ಕದ್ರಿ ಚಿಕ್ಕಮ್ಮ: ಅಂದರೆ ಏರಿಕೆಗೆ 496, ಭಾವನ ಮರೆವಿಗೆ 1,040. ಡಬಲ್ ಆದದ್ದು ಹೌದು ಮಾರಾಯ್ರೆ, ಫಾರ್ವರ್ಡ್ ಸುಳ್ಳಲ್ಲ.

ದುಬೈ ಭಾವ: 496 ರೂಪಾಯಿಗೆ ಒಂದು ಕಿಲೋ ಅಂಜಲ್ ಮೀನು ಸಹ ಬರುವುದಿಲ್ಲ. ಇಷ್ಟಕ್ಕೆ ಬೊಬ್ಬೆಯಾ? ಅಕೌಂಟ್ ನಂಬರ್ ಕಳುಹಿಸಿ, ಎಲ್ಲ ನಾನೇ ಕಟ್ಟುತ್ತೇನೆ.

ಬಿಜೈ ದೊಡ್ಡಪ್ಪ: ಬೇಡ. ನಮ್ಮ ಮನೆಯ ತೆರಿಗೆ ಕಟ್ಟಲು ನಮಗೆ ಗೊತ್ತುಂಟು.

ಸುರತ್ಕಲ್ ಅತ್ತೆ: ಹೌದು, ಅಳಿಯ ಕಟ್ಟುವುದು ಚಂದ ಅಲ್ಲ. ನಾಳೆ ಅವರದ್ದೂ ಒಂದು ಪಾಲು ಅಂತ ಆಗುತ್ತದೆ.

(ಈ ಸಂದೇಶ ಎರಡು ನಿಮಿಷದಲ್ಲಿ ಅಳಿಸಿ ಹೋಯಿತು. ದುಬೈಯಲ್ಲಿ ನೀಲಿ ಗೆರೆ ಬಿದ್ದಾಗಿತ್ತು.)

ಅಲ್ಲಿಗೆ ತಣ್ಣಗಾಗಬೇಕಿತ್ತು. ಊಟದ ಹೊತ್ತಿಗೆ ಉಡುಪಿ ಅಕ್ಕ ಆ ರಸೀದಿಯ ಫೋಟೋವನ್ನೇ ದೊಡ್ಡದು ಮಾಡಿ, ಒಂದು ಕಡೆ ಕೆಂಪು ಸುತ್ತು ಹಾಕಿ ಕಳುಹಿಸಿದಳು.

ಉಡುಪಿ ಅಕ್ಕ: ದೊಡ್ಡಪ್ಪ, ಇಲ್ಲಿ ಬಳಕೆ: ವಾಸ ಅಂತ ಉಂಟು. ಎದುರಿನ ಕೋಣೆ ಟೈಲರಿಗೆ ಬಾಡಿಗೆಗೆ ಕೊಟ್ಟದ್ದು ಯಾವಾಗ?

ಸುಮಾರು ಹೊತ್ತು ಏನೂ ಇಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

ಬಿಜೈ ದೊಡ್ಡಪ್ಪ: ಅದು ಸಣ್ಣ ಕೋಣೆ.

ಕದ್ರಿ ಚಿಕ್ಕಮ್ಮ: ಸಣ್ಣದೋ ದೊಡ್ಡದೋ, ಅಂಗಡಿಗೆ ಬೇರೆ ದರ. ಜಾಸ್ತಿ ದರ. ಎಷ್ಟು ವರ್ಷದಿಂದ ಹೀಗೆ?

ಬಿಜೈ ದೊಡ್ಡಪ್ಪ: ಅಪ್ಪನ ಕಾಲದಲ್ಲಿ ಫಾರಂ ತುಂಬಿದ ಹಾಗೆಯೇ ತುಂಬಿಕೊಂಡು ಬಂದದ್ದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿಜೈಯಲ್ಲಿ ಎಲ್ಲರೂ ಹಾಗೇ.

ನಾನು: ದೊಡ್ಡಪ್ಪ, ಅದರ ಹೆಸರೇ ಸ್ವಯಂ ಘೋಷಣೆ. ಅವರು ಬಂದು ಕೇಳಬೇಕು ಅಂತ ಇಲ್ಲ, ನಾವೇ ಹೇಳಬೇಕಾದದ್ದು. ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ) ಮಾಡಿಸುವಾಗ, ಪಾಲು ಮಾಡುವಾಗ ಎಲ್ಲ ಹೊರಗೆ ಬರುತ್ತದೆ. ಆಗ ಹಿಂದಿನದ್ದೂ ಸೇರಿಸಿ ಕೇಳಿದರೆ ಈ 496 ನೆನಪೂ ಇರುವುದಿಲ್ಲ.

ಬಿಜೈ ದೊಡ್ಡಪ್ಪ: ಬಾಡಿಗೆ ಬಂದಾಗ ಯಾರೂ ಫಾರಂ ಬಗ್ಗೆ ಕೇಳಲಿಲ್ಲ. ನಾಲ್ಕು ಪಾಲು ಮಾಡಿ ತೆಗೆದುಕೊಂಡದ್ದು ನೀವೆಲ್ಲ.

ಇದಕ್ಕೂ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಅಪ್ಪನ ಪಾಲು ಪ್ರತಿ ತಿಂಗಳು ಐದನೇ ತಾರೀಕಿಗೆ ಬರುತ್ತದೆ, ನನಗೇ ಗೊತ್ತುಂಟು, ನಮ್ಮ ಕರೆಂಟು ಬಿಲ್ಲು ಅದರಲ್ಲೇ ಹೋಗುವುದು. ಆ ಕೋಣೆಯಲ್ಲೇ ನಾನು ಶಾಲೆ ಯೂನಿಫಾರ್ಮ್ ಹೊಲಿಸಿದ್ದೇನೆ. ಒಂದು ಸಲವೂ ತೆರಿಗೆ ನೆನಪಾಗಿಲ್ಲ.

ಚಿಕ್ಕಮ್ಮ ಮಾತ್ರ ಬಿಡಲಿಲ್ಲ. ಹಾಗಾದರೆ ಜಾಸ್ತಿ ಬಂದದ್ದನ್ನೂ ನಾಲ್ಕು ಪಾಲು ಮಾಡುವ, ನನ್ನದು ನಾನು ಇವತ್ತೇ ಕಳುಹಿಸುತ್ತೇನೆ ಅಂತ ಬರೆದರು. ಅತ್ತೆ ಆಗಲಿ ಅಂದರು. ಅಪ್ಪ ಹೆಬ್ಬೆರಳು ಹಾಕಿದರು, ಅವರು ಗುಂಪಿನಲ್ಲಿ ಅಕ್ಷರ ಬರೆದದ್ದು ನಾನು ಕಂಡದ್ದಿಲ್ಲ. ದೊಡ್ಡಪ್ಪನದ್ದು ಸದ್ದಿಲ್ಲ.

ರಾತ್ರಿ 9:40ಕ್ಕೆ ಬಂತು.

ಬಿಜೈ ದೊಡ್ಡಪ್ಪ: ನಾಳೆ ಹತ್ತು ಗಂಟೆಗೆ ಬಾ. ಅಳತೆ ಟೇಪ್ ತೆಗೆದುಕೊಂಡು ಬಾ, ಟೈಲರ್ ಕೋಣೆ ಅಳೆಯುವ. ಗುಂಪಿನಲ್ಲಿ ಹೇಳಬೇಡ.

ನನಗೆ ಕಳುಹಿಸಬೇಕಾದದ್ದು. ಗುಂಪಿಗೆ ಬಿತ್ತು. ಒಂದು ನಿಮಿಷದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಅಂತ ಆಯಿತು. ಅಷ್ಟರಲ್ಲಿ ಎಲ್ಲರೂ ಓದಿದ್ದರು, ಯಾರೂ ಓದಿದ ಹಾಗೆ ಮಾಡಲಿಲ್ಲ. ಹತ್ತು ನಿಮಿಷ ಬಿಟ್ಟು ಒಂದು ಸಾಲು ಬಂತು.

ಕದ್ರಿ ಚಿಕ್ಕಮ್ಮ: ಟೇಪ್ ನಮ್ಮ ಮನೆಯಲ್ಲಿ ಉಂಟು. ಉದ್ದದ್ದು.