ಆಲೆಮನೆ ಹೊಗೆ, ಗಮ್ಯಾಕ್ಸಿನ್ ಡಬ್ಬ, ಹೊಟ್ಟೆಯಲ್ಲಿರುವ ಮಗು: ನೀವು ಏನು ಮಾಡಿದಿರಿ?

ಪಾಂಡವಪುರ ಕಡೆಯಿಂದ, ಪ್ರಶ್ನೆ
ನನಗೀಗ ನಾಲ್ಕನೇ ತಿಂಗಳು. ಗಂಡನ ಮನೆ ಪಕ್ಕದಲ್ಲೇ ಆಲೆಮನೆ ಇದೆ. ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಒದ್ದೆಯಾದಾಗ ಟೈರು, ಪ್ಲಾಸ್ಟಿಕ್ ಎಲ್ಲಾ ಒಲೆಗೆ ಹಾಕುತ್ತಾರೆ. ಕರಿ ಹೊಗೆ ನಮ್ಮ ಹಿತ್ತಲಿಗೇ ಬರುತ್ತೆ. ಅಟ್ಟದಲ್ಲಿ ಮಾವನವರ ಕಾಲದ, ಹುಳಕ್ಕೆ ಹಾಕುವ ಗಮ್ಯಾಕ್ಸಿನ್ ಪುಡಿ ಡಬ್ಬ ಬೇರೆ ಇದೆ. ಇಂಥ ವಿಷ ಮೈಯಲ್ಲಿ ವರ್ಷಗಟ್ಟಲೆ ಉಳಿಯುತ್ತಂತೆ. ಒಬ್ಬರು ಉಪವಾಸ ಮಾಡಿ ಮೈ ಶುದ್ಧ ಮಾಡ್ಕೋ ಅಂದರು. ಇನ್ನೊಬ್ಬರು ಮಗುವಿಗೆ ಎದೆಹಾಲೇ ಕೊಡಬೇಡ ಅಂದರು. ಇಂಥ ಕಡೆ ಬಸುರಿಯಾಗಿದ್ದವರು ಏನು ಮಾಡಿದಿರಿ, ಹೇಳ್ತೀರಾ?

ಮೈಸೂರಿನಿಂದ (ತವರು ಮದ್ದೂರು ಕಡೆ)
ಮೊದಲು ಆ ಉಪವಾಸದ ಮಾತು ಬಿಟ್ಟುಬಿಡಿ. ಈ ವಿಷಗಳು ಕೂತಿರುವುದು ಕೊಬ್ಬಿನಲ್ಲಿ. ಊಟ ಬಿಟ್ಟರೆ ಕೊಬ್ಬು ಕರಗುತ್ತೆ, ಅದರಲ್ಲಿದ್ದದ್ದು ರಕ್ತಕ್ಕೆ ಬರುತ್ತೆ, ಅಲ್ಲಿಂದ ಮಾಸು ದಾಟಿ ಮಗುವಿಗೂ ಹೋಗುತ್ತೆ. ಹಳೇ ಬಣ್ಣದ ಧೂಳಿನಿಂದ ಮೈ ಸೇರುವ ಸೀಸವೂ ಹಾಗೇ, ಅದು ಇರುವುದು ಮೂಳೆಯಲ್ಲಿ. ಮಗುವಿಗೆ ಸುಣ್ಣದ ಅಂಶ ಸಾಲದೆ ಬಂದಾಗ ತಾಯಿಯ ಮೂಳೆ ಕರಗಿ ಸೀಸವೂ ಹೊರಗೆ ಬರುತ್ತೆ. ಅದಕ್ಕೇ ರಾಗಿ, ಸೊಪ್ಪು, ಡಾಕ್ಟರು ಕೊಟ್ಟ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಒಂದನ್ನೂ ತಪ್ಪಿಸಬೇಡಿ.

ಪ್ಲಾಸ್ಟಿಕ್, ಅದರಲ್ಲೂ ಪಿವಿಸಿ ಪೈಪು, ವೈರು ಸುಟ್ಟಾಗ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಮೈ ಸೇರಿದ ಡಯಾಕ್ಸಿನ್ ಅರ್ಧ ಆಗುವುದಕ್ಕೇ 7ರಿಂದ 11 ವರ್ಷ ಬೇಕು. ಹೊಗೆ ಕುಡಿದರೆ ಮಾತ್ರ ಬರುತ್ತೆ ಅಂದುಕೊಂಡಿರುತ್ತೇವೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಮಗೆ ತಗಲುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕಿಂತ ಜಾಸ್ತಿ ಊಟದಿಂದಲೇ ಬರುವುದು, ಮುಖ್ಯವಾಗಿ ಮಾಂಸ, ಹಾಲು, ಮೀನಿನ ಕೊಬ್ಬಿನಿಂದ. ನನ್ನ ತವರಿನಲ್ಲಿ ಕೋಳಿಗಳೆಲ್ಲ ಬೆಳಗಾದರೆ ಆಲೆಮನೆ ಬೂದಿ ಗುಡ್ಡೆಗೇ ಓಡುತ್ತಿದ್ದವು. ಕಾಲಲ್ಲಿ ಕೆದಕುವುದು, ಬೂದಿಯಲ್ಲೇ ಹೊರಳುವುದು, ಅಲ್ಲೇ ಕುಕ್ಕಿ ತಿನ್ನುವುದು. ಅದೇ ಕೋಳಿ ಮೊಟ್ಟೆಯನ್ನು ಬಸುರಿಗೆ ಒಳ್ಳೇದು ಅಂತ ಅಮ್ಮ ದಿನಾ ಬೇಯಿಸಿ ಕೊಡುತ್ತಿದ್ದರು. ಬೇಯಿಸಿದರೆ ಡಯಾಕ್ಸಿನ್ ಹೋಗಲ್ಲ. ನಾನು ಆ ಮೊಟ್ಟೆ ನಿಲ್ಲಿಸಿ ಬೇರೆ ಕಡೆಯಿಂದ ತರಿಸಿಕೊಂಡೆ. ಕೋಳಿಗೆ ಬಲೆ ಕಟ್ಟಿದೆವು. ಬೂದಿಯನ್ನು ಬದನೆ ಪಾತಿಗೆ ಹಾಕುವುದನ್ನೂ ಬಿಟ್ಟೆವು. ಹಾಲು ಬಿಡಲಿಲ್ಲ, ಒಂದೇ ಮನೆಯ ಹಸುವಿನ ಹಾಲಿನ ಬದಲು ಡೈರಿ ಹಾಲು ತಗೊಂಡೆ. ಟೈರು ಹಾಕಿದ ಹೊತ್ತಿನಲ್ಲಿ ಕಿಟಕಿ ಮುಚ್ಚಿ, ಆಮೇಲೆ ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು.

ಭಯ ಸುಳ್ಳಲ್ಲ. 1979ರಲ್ಲಿ ತೈವಾನ್‌ನಲ್ಲಿ ಅಡುಗೆ ಎಣ್ಣೆಗೆ ಪಿಸಿಬಿ ಅನ್ನೋ, ಕೊಬ್ಬಿನಲ್ಲೇ ಕೂರುವ ಇಂಥದ್ದೇ ವಿಷ ಸೇರಿತ್ತು. ಆ ಎಣ್ಣೆ ತಿಂದ ತಾಯಂದಿರಿಗೆ ವರ್ಷಗಳ ನಂತರ ಹುಟ್ಟಿದ ಮಕ್ಕಳ ಬೆಳವಣಿಗೆಯಲ್ಲೂ ತೊಂದರೆ ಕಂಡಿತು. ಆದರೆ ಅವರು ವಿಷವನ್ನು ತಿಂಗಳುಗಟ್ಟಲೆ ಊಟದಲ್ಲೇ ತಿಂದಿದ್ದರು. ನಿಮ್ಮ ಸ್ಥಿತಿ ಅದಲ್ಲ. ಮೈಯಲ್ಲಿ ಈಗಾಗಲೇ ಇರುವುದನ್ನು ಈ ಐದು ತಿಂಗಳಲ್ಲಿ ತೆಗೆಯೋಕೆ ಆಗಲ್ಲ. ಹೊಸದು ಸೇರುವುದನ್ನು ತಡೆಯಬಹುದು, ಅದೇ ಈಗಿನ ಕೆಲಸ.

ಮಂಡ್ಯದಿಂದ, ರೈತ
ಗಮ್ಯಾಕ್ಸಿನ್ ಅಂದರೆ ಬಿಎಚ್‌ಸಿ ಅನ್ನೋ ಹಳೇ ಕೀಟನಾಶಕ. ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧ ಆಗಿದೆ. ಡಬ್ಬ ನೀವು ಮುಟ್ಟಬೇಡಿ. ಮನೆಯವರು ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮುಚ್ಚಳ ತೆಗೆಯದೆ ಎರಡು ದಪ್ಪ ಕವರಿನಲ್ಲಿ ಕಟ್ಟಿ, ಮನೆಯಿಂದ ದೂರ ಬೀಗ ಹಾಕಿ ಇಡಲಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸುಡಬೇಡಿ, ಹೂಳಬೇಡಿ, ದಯವಿಟ್ಟು ನಾಲೆಗಂತೂ ಎಸೆಯಬೇಡಿ. ಆ ಪುಡಿ ಹಾಕಿದ್ದ ಕಾಳಿನ ಗುಡಾಣ ಇದ್ದರೆ ಅದೂ ಬೇಡ.

ಈಗ ಗದ್ದೆಗೆ ಹೊಡೆಯುವ ಔಷಧಿಗಳು ಹೆಚ್ಚಿನವು ಅಷ್ಟು ವರ್ಷ ಉಳಿಯಲ್ಲ. ಹಾಗಂತ ಸಸಾರ ಮಾಡಬೇಡಿ, ಮೈಗೆ ತಗುಲಿದ ಹೊತ್ತಿಗೆ ಅವೂ ಕೆಡುಕೇ. ನನ್ನ ಹೆಂಡತಿ ಬಸುರಿ ಇದ್ದಾಗ ನಾನು ಔಷಧಿ ಹೊಡೆದು ಬಂದರೆ ಹಿತ್ತಲಿನಲ್ಲೇ ಸ್ನಾನ. ಆ ಬಟ್ಟೆ ನಾನೇ ಬೇರೆ ಬಕೆಟ್‌ನಲ್ಲಿ ಒಗೆಯುತ್ತಿದ್ದೆ. ಖಾಲಿ ಡಬ್ಬ ತೊಳೆದು ನೀರಿಗೋ ಎಣ್ಣೆಗೋ ಇಟ್ಟುಕೊಳ್ಳುವ ಅಭ್ಯಾಸ ನಮ್ಮೂರಲ್ಲಿ ಇನ್ನೂ ಇದೆ, ನಿಮ್ಮಲ್ಲೂ ಇದ್ದರೆ ನಿಲ್ಲಿಸಿ.

ಮೈಸೂರಿನಿಂದ, ಹೆರಿಗೆ ವಾರ್ಡಿನ ನರ್ಸ್
ಎದೆಹಾಲು ಕೊಡಿ. ಹಾಲಿನ ಕೊಬ್ಬಿನಲ್ಲಿ ಈ ವಿಷ ಸ್ವಲ್ಪ ಬರುವುದು ನಿಜ. ಅದೆಲ್ಲ ಗೊತ್ತಿದ್ದೇ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆರು ತಿಂಗಳು ಬರೀ ಎದೆಹಾಲು ಅನ್ನುತ್ತೆ. ಕೊಡದಿದ್ದರೆ ಆಗುವ ನಷ್ಟವೇ ಜಾಸ್ತಿ. 18ರಿಂದ 20 ವಾರದ ಸ್ಕ್ಯಾನ್ ತಪ್ಪಿಸಬೇಡಿ. ಅಂಗಾಂಗ ಸರಿ ಇದೆಯಾ ಅಂತ ಅದರಲ್ಲಿ ನೋಡುತ್ತಾರೆ, ವಿಷ ಎಷ್ಟಿದೆ ಅಂತ ಅದರಲ್ಲಿ ಕಾಣಲ್ಲ. ಹಳೇ ಬಾಗಿಲು, ಕಿಟಕಿಯ ಬಣ್ಣ ಉಜ್ಜಿಸುತ್ತಿದ್ದರೆ ಡಾಕ್ಟರಿಗೆ ಹೇಳಿ, ಸೀಸಕ್ಕೆ ರಕ್ತ ಪರೀಕ್ಷೆ ಇದೆ. ಆ ಕೆಲಸ ಮುಗಿದು ಧೂಳು ಒರೆಸುವ ತನಕ ತವರಿನಲ್ಲಿರಿ.

ಶ್ರೀರಂಗಪಟ್ಟಣದಿಂದ
ಆಲೆಮನೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ. ನಮ್ಮಲ್ಲಿ ಹೆಂಗಸರೆಲ್ಲ ಸೇರಿ ಹೋಗಿ ಕೇಳಿದೆವು. ರಚ್ಚು ಒಣಗಿಸೋಕೆ ಜಾಗ ಇಲ್ಲ ಅಂದರು. ಪಕ್ಕದ ಖಾಲಿ ಕಣ ಬಿಟ್ಟುಕೊಟ್ಟ ಮೇಲೆ ಟೈರು ಹಾಕುವುದು ತುಂಬಾ ಕಮ್ಮಿ ಆಯಿತು. ನಿಮ್ಮವರು ಕೇಳದಿದ್ದರೆ ಹೊಗೆಯ ಫೋಟೋ, ದಿನ, ಹೊತ್ತು ಬರೆದಿಟ್ಟುಕೊಂಡು ಪಂಚಾಯಿತಿ ಪಿಡಿಒಗೆ ಅರ್ಜಿ ಕೊಡಿ. ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ಹೋಗಲಿ. ಅರ್ಜಿಯಲ್ಲಿ ಊರಿನ ನಾಲ್ಕಾರು ಮನೆಯವರ ಸಹಿ ಇರಲಿ, ನಿಮ್ಮೊಬ್ಬರದೇ ಬೇಡ.