ಓಮ್ನಿಗೆ ತುಕ್ಕಿನ ಚುಕ್ಕೆ: ಮನೆಯಲ್ಲೇ ಸರಿಮಾಡಿದವರು ಇದ್ದೀರಾ?

ಸೋಮವಾರಪೇಟೆಯಿಂದ ಪ್ರಶ್ನೆ:
ನಮ್ಮದು 13 ವರ್ಷದ ಬಿಳಿ ಓಮ್ನಿ. ಹಿಂದಿನ ಚಕ್ರದ ಮೇಲಿನ ಅಂಚಿನಲ್ಲಿ ಎರಡು ಕಡೆ, ಸ್ಲೈಡಿಂಗ್ ಡೋರಿನ ಕೆಳಗೆ ಒಂದು ಕಡೆ ಪೇಂಟ್ ಉಬ್ಬಿ ತುಕ್ಕು ಕಾಣುತ್ತಿದೆ. ಎಂಟಾಣೆ ಅಗಲ ಇರಬಹುದು. ಗ್ಯಾರೇಜಿನಲ್ಲಿ ಇಡೀ ಸೈಡ್ ಪೇಂಟ್ ಮಾಡಬೇಕು ಅಂತಾರೆ. ಮಳೆಗಾಲಕ್ಕೆ ಮುಂಚೆ ನಾನೇ ಮಾಡಬಹುದಾ?

ಮಡಿಕೇರಿ ಕಡೆಯಿಂದ:
ಮಾಡಬಹುದು ಅಣ್ಣ. ನಾನು ನಮ್ಮ ಜೀಪಿಗೆ ಎರಡು ಸಲ ಮಾಡಿದ್ದೇನೆ. ಮೊದಲನೇ ಸಲ ಕೆಟ್ಟಿತು. ಜುಲೈ ತಿಂಗಳು, ಬಿಡದ ಮಳೆ, ಜೀಪು ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಹೇಗೂ ಬಿಡುವಿದೆಯಲ್ಲ ಅಂತ ಉಜ್ಜಿ ಸ್ಪ್ರೇ ಹೊಡೆದೆ. ಸ್ವಲ್ಪ ಹೊತ್ತಿಗೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ! ಥಿನ್ನರ್ ಆರುವಾಗ ಪೇಂಟ್ ತಣ್ಣಗಾಗಿ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದಂತೆ. ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಎದ್ದಿತ್ತು.

ಎರಡನೇ ಸಲ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಸಿ ಕೂತೆ. ಮಂಜು ಪೂರ್ತಿ ಹೋಗಿ ತಗಡು ಬೆಚ್ಚಗಾದ ಮೇಲೆ ಶುರು, 3 ಗಂಟೆಗೆ ಬಂದ್.

ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸಿ. ಉಬ್ಬಿದ ಪೇಂಟನ್ನು ಹೆರೆದು ತೆಗೆಯಿರಿ. ಎಂಟಾಣೆ ಅಗಲ ಅಂದುಕೊಂಡಿದ್ದು ನನಗೆ ಅಂಗೈಯಷ್ಟಾಯಿತು, ಹೆದರಬೇಡಿ. 80 ನಂಬರ್ ಎಮ್ರಿ ಪೇಪರಿನಲ್ಲಿ ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಬೇಕು. ಆಮೇಲೆ 220, ಕೊನೆಗೆ 400. ಹಳೆ ಪೇಂಟಿನ ಅಂಚಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ. ಮೆಟ್ಟಿಲು ಸಿಕ್ಕಿದರೆ ಇನ್ನೂ ಉಜ್ಜಿ. ಸಣ್ಣ ಗುಂಡಿಗಳಲ್ಲಿ ಕಪ್ಪು ಚುಕ್ಕೆ ಉಳಿದೇ ಉಳಿಯುತ್ತದೆ. ಅದಕ್ಕೆ ರಸ್ಟ್ ಕನ್ವರ್ಟರ್ ಅಂತ, ಉಳಿದ ತುಕ್ಕನ್ನು ಗಟ್ಟಿ ಪದರ ಮಾಡುವ ದ್ರಾವಣ ಸಿಗುತ್ತದೆ, ಗ್ಲೌಸ್ ಹಾಕಿಕೊಂಡು ಹಚ್ಚಿ. ತೊಳೆಯಬೇಕೋ ಬೇಡವೋ ಅನ್ನುವುದು ಬಾಟಲಿ ಮೇಲೆ ಬರೆದಿರುತ್ತದೆ, ಓದಿ.

ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ನಾನು ಒಂದು ರಾತ್ರಿ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತಗಡಿಗೆ ಅರಿಶಿನ ಬಳಿದ ಹಾಗೆ ಹೊಸ ತುಕ್ಕು! ಎಪಾಕ್ಸಿ ಪ್ರೈಮರ್ ಆದರೆ ಒಳ್ಳೆಯದು. ಪುಟ್ಟಿ ಬೇಕಾದರೆ ಪ್ರೈಮರ್ ಮೇಲೆ, ಗುಂಡಿಗೆ ಮಾತ್ರ. ಪುಟ್ಟಿ ನೀರು ಕುಡಿಯುತ್ತದೆ, ತುಕ್ಕಿನ ಮೇಲೆ ಮೆತ್ತಿದರೆ ಮುಗೀತು.

ಬಣ್ಣ ಒಂದೇ ಸಲ ದಪ್ಪಗೆ ಬೇಡ. ಒಂದಡಿ ದೂರದಿಂದ ತೆಳ್ಳಗೆ ಮೂರು ನಾಲ್ಕು ಕೈ, ನಡುವೆ 10-15 ನಿಮಿಷ. ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಕೋಟ್. ಬಿಳಿ ಎಲ್ಲಾ ಒಂದೇ ಬಿಳಿ ಅಲ್ಲ, ಹಳೇ ಗಾಡಿದು ಬಿಸಿಲಿಗೆ ಹಳದಿಯಾಗಿರುತ್ತದೆ. ಪೇಂಟ್ ಅಂಗಡಿಗೆ ಗಾಡಿಯನ್ನೇ ತೆಗೆದುಕೊಂಡು ಹೋಗಿ.

ಕುಶಾಲನಗರದಿಂದ, ಟಿಂಕರಿಂಗ್ ಕೆಲಸದವನು:
ಚಕ್ರದ ಅಂಚಿಗೆ ಅವರು ಹೇಳಿದ್ದು ಸರಿ. ಡೋರಿನದು ಬೇರೆ ಕಥೆ. ಡೋರ್ ಕೆಳಗೆ ಬಂದ ತುಕ್ಕು ಜಾಸ್ತಿ ಒಳಗಿಂದಲೇ ಬಂದಿರುತ್ತದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ನೀವೇ ಮಾಡಿ. ಒಳಗೆ ಇಳಿದರೆ ಕೊಯ್ದು ಹೊಸ ತಗಡು ವೆಲ್ಡ್ ಮಾಡಬೇಕು, ಪೇಂಟಿನಿಂದ ಆಗಲ್ಲ. ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳಿವೆ, ಕಡ್ಡಿ ಹಾಕಿ ನೋಡಿ.

ವಿರಾಜಪೇಟೆಯಿಂದ:
ಮಾಸ್ಕಿಂಗ್ ಟೇಪನ್ನು ಪೂರ್ತಿ ಅಂಟಿಸಬೇಡಿ, ಅಂಚನ್ನು ಮಡಚಿ ಎತ್ತಿ ಬಿಡಿ. ಗೆರೆ ಕಾಣಲ್ಲ. ತೋಟದಲ್ಲಿ ನಿಲ್ಲಿಸುವ ಗಾಡಿಯಾದರೆ ವೈಪರ್ ಕೆಳಗಿನ ಜಾಲರಿಯನ್ನೂ ನೋಡಿ. ನಮ್ಮದರಲ್ಲಿ ಒಂದು ಬುಟ್ಟಿ ಸಿಲ್ವರ್ ಓಕ್ ಎಲೆ ಕೊಳೆತಿತ್ತು.

ಮತ್ತೆ ಸೋಮವಾರಪೇಟೆಯಿಂದ:
ನೋಡಿದೆ. ಡೋರಿನ ತೂತು ಎರಡು ಕಟ್ಟಿಕೊಂಡಿದ್ದವು. ಕಡ್ಡಿ ಹಾಕಿದ ಕೂಡಲೇ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು. ಸ್ಕ್ರೂಡ್ರೈವರೂ ಇಳಿಯಿತು! ಡೋರು ಗ್ಯಾರೇಜಿಗೆ, ಚಕ್ರದ ಅಂಚು ನನಗೆ. ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಈ ಭಾನುವಾರವೇ ಶುರು.